ಪಿಕಪ್ ಗಾಡಿಗೆ ಟೈರು ಕೊಳ್ಳುವ ಮುನ್ನ

ಬಿತ್ತನೆ ಬೀಜದ ಪೊಟ್ಟಣವನ್ನು ಕೈಗೆತ್ತಿಕೊಂಡ ರೈತ ಇಂದು ಮೊದಲು ನೋಡುವುದು ಅದರ ಮೇಲಿನ ಚೀಟಿಯನ್ನು. ತಯಾರಾದದ್ದು ಯಾವಾಗ, ಅವಧಿ ಮುಗಿಯುವುದು ಯಾವಾಗ, ಮೊಳಕೆ ನೂರಕ್ಕೆ ಎಷ್ಟು ಎಂಬುದನ್ನು ಓದಿದ ಮೇಲೆಯೇ ದರದ ಮಾತು. ಈ ಅಭ್ಯಾಸ ತಾನಾಗಿ ಬಂದದ್ದಲ್ಲ. ಗ್ರಾಮಸೇವಕರ ಕಾಲದಿಂದ ಹೇಳಿ ಹೇಳಿ ಬಂದದ್ದು. ಆದರೆ ಅದೇ ರೈತ ತನ್ನ ಪಿಕಪ್ ಗಾಡಿಗೆ ಟೈರು ಕೊಳ್ಳಲು ಹೋದಾಗ ಹೆಬ್ಬೆರಳಿನಿಂದ ಬಟನ್ ಒತ್ತಿ ನೋಡುತ್ತಾನೆ, ಕಪ್ಪಗೆ ಮಿನುಗುತ್ತಿದ್ದರೆ ಒಪ್ಪುತ್ತಾನೆ, ನೂರಿನ್ನೂರು ಚೌಕಾಸಿ ಮಾಡಿ ಹಣ ಎಣಿಸಿ ಬರುತ್ತಾನೆ. ಟೈರಿನ ಪಕ್ಕದಲ್ಲೂ ಬೀಜದ ಚೀಟಿಯಂತೆ ಎಲ್ಲವನ್ನೂ ಅಚ್ಚೊತ್ತಿದ್ದಾರೆ ಎಂಬುದು ಬಹಳ ಮಂದಿಯ ಗಮನಕ್ಕೆ ಬಂದಿಲ್ಲ.

ಒಂದು ಕಾಲಕ್ಕೆ ಈ ವಿಷಯ ಕೃಷಿ ಪುಟಕ್ಕೆ ಬರುವಂಥದಾಗಿರಲಿಲ್ಲ. ತರಕಾರಿ ಬಾಡಿಗೆ ಲಾರಿಯಲ್ಲೋ ಬಸ್ಸಿನ ತಲೆಯ ಮೇಲೋ ಪಟ್ಟಣ ಸೇರುತ್ತಿತ್ತು, ಟೈರಿನ ಚಿಂತೆ ಗಾಡಿಯವನದಾಗಿತ್ತು. 2005ರಲ್ಲಿ ಟಾಟಾ ಏಸ್ ಬಂತು. ಅದರ ಜೊತೆಗೆ ಬೊಲೆರೊ ಪಿಕಪ್, ದೋಸ್ತ್ ಮುಂತಾದ ಗಾಡಿಗಳು ಹಳ್ಳಿಗಳಿಗೆ ನುಗ್ಗಿದವು. ಈಗ ಕೋಲಾರ, ಮಾಲೂರು, ಹೊಸಕೋಟೆ, ಚಿಂತಾಮಣಿ ಸೀಮೆಯಲ್ಲಿ ಬೋರ್‌ವೆಲ್ ಇದ್ದ ಕಡೆಯೆಲ್ಲ ಒಂದೆರಡು ಪಿಕಪ್ ಇದ್ದೇ ಇವೆ. ರಾತ್ರಿ ಹನ್ನೆರಡಕ್ಕೋ ಎರಡಕ್ಕೋ ತುಂಬಿಕೊಂಡು ಹೊರಟ ಈ ಗಾಡಿಗಳು ಹಳೆ ಮದ್ರಾಸು ರಸ್ತೆ ಹಿಡಿದು ಕೃಷ್ಣರಾಜಪುರಕ್ಕೆ ಬಂದು, ಕೆಲವು ಅಲ್ಲಿಯ ಸಂತೆಯಲ್ಲೇ ಇಳಿಸಿ, ಉಳಿದವು ಟಿನ್ ಫ್ಯಾಕ್ಟರಿ ದಾಟಿ ಇಂದಿರಾನಗರದ ಅಂಚಿನಲ್ಲಿ ಹಾದು ಹಲಸೂರಿಗೆ, ದಂಡು ಪ್ರದೇಶದ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬೆಳಕು ಹರಿಯುವ ಮೊದಲು ಸೇರಬೇಕು. ತಡವಾದರೆ ದರ ಹೋಯಿತು, ದಾರಿಯಲ್ಲಿ ನಿಂತರೆ ಮಾಲೇ ಹೋಯಿತು. ಹೀಗಿರುವಾಗ ಟೈರು ಕೂಡ ಗೊಬ್ಬರ, ಔಷಧಿಗಳಂತೆ ಬೇಸಾಯದ ಖರ್ಚಿನ ಬಾಬತ್ತೇ ಆಗಿದೆ. ಅದನ್ನು ಆಯುವುದನ್ನೂ ಅಷ್ಟೇ ಎಚ್ಚರದಿಂದ ಕಲಿಯಬೇಕಾಗಿದೆ.

ಅನೇಕರು ಒಂದು ಪ್ರಶ್ನೆ ಕೇಳುವುದುಂಟು. "ಊರೊಳಗೆ ವರ್ಷಗಟ್ಟಲೆ ಏನೂ ಆಗದ ಟೈರು ಹೈವೇಗೆ ಬಂದ ದಿನವೇ ಏಕೆ ಒಡೆಯಿತು ಸ್ವಾಮಿ? ಕಲ್ಲಿಲ್ಲ, ಮುಳ್ಳಿಲ್ಲ, ರಸ್ತೆ ಕನ್ನಡಿಯ ಹಾಗಿತ್ತು." ಇದಕ್ಕೆ ಉತ್ತರ ಕಾವು. ಭಾರ ಹೊತ್ತ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗುತ್ತದೆ, ಮೇಲೆ ಬಂದೊಡನೆ ಮತ್ತೆ ದುಂಡಗಾಗುತ್ತದೆ. ಅಂದರೆ ಪ್ರತಿ ಸುತ್ತಿಗೂ ಅದರ ಪಕ್ಕ ಒಮ್ಮೆ ಬಾಗಿ ಒಮ್ಮೆ ನೇರವಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಮಡಿಕೆಯಲ್ಲಿ ಬಿಸಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಟೈರಿನ ಒಳಗೂ ಅದೇ ನಡೆಯುತ್ತದೆ. ಹದಿನೈದು ಅಂಗುಲದ ರಿಮ್ಮಿನ ಪಿಕಪ್ ಗಾಲಿ ಒಂದು ಸುತ್ತಿಗೆ ಹೆಚ್ಚುಕಡಮೆ ಎರಡು ಮೀಟರ್ ದೂರ ಹೋಗುತ್ತದೆ. ಕೋಲಾರದಿಂದ ಬೆಂಗಳೂರಿಗೆ 65 ಕಿ.ಮೀ. ಎಂದಿಟ್ಟುಕೊಂಡರೂ ಮೂವತ್ತು ಸಾವಿರ ಸುತ್ತು. ಊರ ರಸ್ತೆಯಲ್ಲಿ ಮೂವತ್ತು ನಲವತ್ತರ ವೇಗದಲ್ಲಿ ನಾಲ್ಕು ಕಿ.ಮೀ. ಹೋಗಿ ನಿಂತಾಗ ಹುಟ್ಟಿದ ಕಾವು ಆರಿಹೋಗುತ್ತದೆ. ಎಂಬತ್ತರ ವೇಗದಲ್ಲಿ ಒಂದೇ ಸಮನೆ ಓಡಿದಾಗ ಆರಲು ಬಿಡುವಿಲ್ಲ. ರಬ್ಬರು ಕಾವನ್ನು ಬೇಗ ಹೊರಬಿಡುವ ವಸ್ತುವೂ ಅಲ್ಲ. ಗಾಳಿ ಕಡಿಮೆಯಿದ್ದರೆ ಬಾಗುವುದು ಹೆಚ್ಚು. ಭಾರ ಹೆಚ್ಚಿದ್ದರೆ ಇನ್ನೂ ಹೆಚ್ಚು. ಕಡೆಗೆ ಒಳಗಿನ ನೂಲಿನ ಪದರ ರಬ್ಬರನ್ನು ಬಿಡುತ್ತದೆ, ಟೈರು ಸಿಡಿಯುತ್ತದೆ. ಮೇಲಿನ ಬಟನ್ ಎಷ್ಟೇ ದಪ್ಪವಾಗಿದ್ದರೂ ಇದಕ್ಕೆ ತಡೆಯಿಲ್ಲ.

ಆದ್ದರಿಂದ ಟೈರು ಕೊಳ್ಳುವವರು ಮೊದಲು ತಿಳಿಯಬೇಕಾದ್ದು ತಮ್ಮ ಗಾಡಿಯ ಹಿಂದಿನ ಗಾಲಿಯೊಂದರ ಮೇಲೆ ಎಷ್ಟು ತೂಕ ಬೀಳುತ್ತದೆ ಎಂಬುದು. ಒಂದು ಲೆಕ್ಕ ಹಾಕೋಣ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸು 15 ಕೆ.ಜಿ. ಲೆಕ್ಕ. ಪ್ಲಾಸ್ಟಿಕ್ ಕ್ರೇಟಿನ ತೂಕ ಎರಡು ಕಿಲೋ ಸೇರಿಸಿ 17 ಎನ್ನೋಣ. ಒಂದೂವರೆ ಟನ್ ಹೊರುವ ಪಿಕಪ್ಪಿಗೆ 88 ಬಾಕ್ಸು ತುಂಬಿದರೆ ಸರಿಸುಮಾರು 1,500 ಕೆ.ಜಿ. ಇದರಲ್ಲಿ ನೂರಕ್ಕೆ 85 ಪಾಲು ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆಂದೂ, ಖಾಲಿ ಗಾಡಿಯ ಹಿಂಭಾಗದ ತೂಕ 700 ಕೆ.ಜಿ. ಎಂದೂ ಇಟ್ಟುಕೊಂಡರೆ, ಹಿಂದಿನ ಎರಡು ಗಾಲಿ ಸೇರಿ 1,975 ಕೆ.ಜಿ. ಹೊರಬೇಕು. ಒಂದೊಂದಕ್ಕೆ 990ರಷ್ಟಾಯಿತು. ದರ ಬಂದ ದಿನ ನಾವು 88ಕ್ಕೆ ನಿಲ್ಲಿಸುವುದಿಲ್ಲ, 120 ಬಾಕ್ಸು ಏರಿಸುತ್ತೇವೆ. ಆಗ ಮಾಲು 2,040 ಕೆ.ಜಿ., ಹಿಂದಿನ ಒಂದೊಂದು ಗಾಲಿಯ ಮೇಲೆ 1,200ಕ್ಕೂ ಮೇಲೆ. ಇದು ಅಂದಾಜಿನ ಲೆಕ್ಕ. ನಿಮ್ಮ ಗಾಡಿಯ ನಿಜವಾದ ತೂಕ ತಿಳಿಯಲು ಒಂದು ದಿನ ತುಂಬಿದ ಗಾಡಿಯ ಹಿಂದಿನ ಗಾಲಿಗಳನ್ನು ಮಾತ್ರ ವೇಬ್ರಿಜ್ ಮೇಲೆ ನಿಲ್ಲಿಸಿ ತೂಗಿಸಿ, ಬಂದದ್ದನ್ನು ಎರಡರಿಂದ ಭಾಗಿಸಿ ಡೈರಿಯಲ್ಲಿ ಬರೆದಿಡಬೇಕು.

ಈ ಸಂಖ್ಯೆ ಕೈಯಲ್ಲಿದ್ದರೆ ಟೈರಿನ ಪಕ್ಕವನ್ನು ಓದುವುದು ಸುಲಭ. 195 ಆರ್ 15 ಎಲ್.ಟಿ. ಎಂಬಂಥ ಬರಹ ಅಳತೆಯನ್ನು ಹೇಳುತ್ತದೆ: ಅಗಲ 195 ಮಿ.ಮೀ., ರೇಡಿಯಲ್, ರಿಮ್ 15 ಅಂಗುಲ. ಎಲ್.ಟಿ. ಎಂದರೆ ಲಘು ಸರಕು ವಾಹನಕ್ಕೆಂದು ಮಾಡಿದ್ದು. ಈ ಎರಡು ಅಕ್ಷರ ಇಲ್ಲದ ಕಾರಿನ ಟೈರು ರಿಮ್ಮಿಗೆ ಕೂತರೂ ಪಿಕಪ್ಪಿಗೆ ಸಲ್ಲದು. ಅದರ ಮುಂದೆ 106/104 ಎಂಬ ರೀತಿಯ ಅಂಕಿಗಳಿರುತ್ತವೆ. ಇವು ಕಿಲೋಗಳಲ್ಲ, ಭಾರದ ಸಂಕೇತಗಳು. ಮೊದಲನೆಯದು ಒಂದು ಬದಿಗೆ ಒಂದೇ ಗಾಲಿ ಇದ್ದಾಗ, ಎರಡನೆಯದು ಜೋಡಿ ಗಾಲಿ ಇದ್ದಾಗ. 86 ಎಂದರೆ 530 ಕೆ.ಜಿ., 100 ಎಂದರೆ 800, 106 ಎಂದರೆ 950, 112 ಎಂದರೆ 1,120 ಕೆ.ಜಿ. ನಮ್ಮ ಲೆಕ್ಕದ ಗಾಡಿಗೆ 88 ಬಾಕ್ಸಿನ ದಿನ 112ರ ಟೈರು ನಿರಾಳವಾಗಿ ಸಾಕು, 106 ಸಾಲದು. 120 ಬಾಕ್ಸಿನ ದಿನ 112 ಕೂಡ ಸೋತಿತು. ಅಂಕಿಯ ಪಕ್ಕದ ಅಕ್ಷರ ವೇಗದ ಮಿತಿ. ನಮ್ಮ ತರಕಾರಿ ಗಾಡಿಗಳಿಗೆ ಅದರ ಚಿಂತೆ ಅಷ್ಟಿಲ್ಲ.

ಇನ್ನು ಪಿ.ಆರ್. ಎಂಬ ಬರಹ. ಹತ್ತಿಯ ಬಟ್ಟೆಯ ಪದರಗಳನ್ನು ಹಾಕುತ್ತಿದ್ದ ಕಾಲದ ಮಾತು ಅದು. 8 ಪಿ.ಆರ್. ಎಂದರೆ ಒಳಗೆ ಎಂಟು ಪದರ ಇದೆ ಎಂದಲ್ಲ, ಆ ಕಾಲದ ಎಂಟು ಪದರದಷ್ಟು ಬಲ ಎಂದರ್ಥ. ಕೆಲವರು ಹೆಚ್ಚು ಪಿ.ಆರ್. ಟೈರು ಹಾಕಿಸಿದರೆ ಹೆಚ್ಚು ತುಂಬಬಹುದೆಂದು ಭಾವಿಸಿದ್ದಾರೆ. ಟೈರು ಗಟ್ಟಿಯಾಯಿತೆಂದು ಆಕ್ಸಲ್, ಸ್ಪ್ರಿಂಗ್ ಪ್ಲೇಟು, ಬ್ರೇಕುಗಳು ಗಟ್ಟಿಯಾಗುವುದಿಲ್ಲ, ಆರ್.ಸಿ. ಪುಸ್ತಕದ ಒಟ್ಟು ತೂಕವೂ ಬದಲಾಗುವುದಿಲ್ಲ.

ಮಾಲಿಗಿಂತ ದೊಡ್ಡ ಮಾತೊಂದಿದೆ. ನಸುಕಿನಲ್ಲಿ ಹೂ ಬಿಡಿಸಲು, ಟೊಮೆಟೊ ಕೀಳಲು ಕೂಲಿಯ ಹೆಣ್ಣುಮಕ್ಕಳನ್ನು ಇದೇ ಪಿಕಪ್ಪಿನ ಹಿಂಭಾಗದಲ್ಲಿ ನಿಲ್ಲಿಸಿ ಕರೆದೊಯ್ಯುತ್ತೇವೆ. ಸಂತೆಗೆ ಹೋಗುವಾಗ ಬಾಕ್ಸುಗಳ ಮೇಲೆ ಇಬ್ಬರು ಮೂವರು ಮಲಗಿರುತ್ತಾರೆ. ಹಿಂದಿನ ಟೈರು ಒಡೆದರೆ ಎತ್ತರ ತುಂಬಿದ ಗಾಡಿ ಆ ಬದಿಗೆ ವಾಲುತ್ತದೆ. ಮೇಲಿದ್ದವರಿಗೆ ಹಿಡಿಯಲು ಏನೂ ಇರುವುದಿಲ್ಲ. ಸರಕು ಗಾಡಿಯಲ್ಲಿ ಹೀಗೆ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ, ವಿಮೆ ಹಣ ಬರುವುದೂ ಕಷ್ಟ. ಇದನ್ನು ಬಿಡಬೇಕು. ಟೈರು ಹೊಸದಾಗಿದ್ದರೂ ಬಿಡಬೇಕು.

ಭಾರದ ಅಂಕಿಯ ನಂತರ ನೋಡಬೇಕಾದ್ದು ವಯಸ್ಸು. ಟೈರಿನ ಪಕ್ಕದಲ್ಲಿ, ಸಾಮಾನ್ಯವಾಗಿ ಚಿಕ್ಕ ಅಂಡಾಕಾರದ ಚೌಕಟ್ಟಿನೊಳಗೆ, ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾಯಿತೆಂದು ತಿಳಿಯಬೇಕು. ಒಂದು ಬದಿಯಲ್ಲಿ ಕಾಣದಿದ್ದರೆ ಇನ್ನೊಂದು ಬದಿಯಲ್ಲಿರುತ್ತದೆ, ಹೊರಳಿಸಿ ನೋಡಲು ಸಂಕೋಚ ಬೇಡ. ರಬ್ಬರು ಓಡದೆ ನಿಂತಿದ್ದರೂ ಬಿಸಿಲು ಗಾಳಿಗೆ ಗಡುಸಾಗಿ ಬಿರುಕು ಬಿಡುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು, ಹತ್ತು ವರ್ಷದ ನಂತರ ಬಟನ್ ಇದ್ದರೂ ತೆಗೆದುಹಾಕಬೇಕು ಎಂಬುದು ಹೆಸರುವಾಸಿ ಟೈರು ತಯಾರಕರೇ ಕೊಡುವ ಸಲಹೆ. ಇದರಲ್ಲಿ ನಾವು ಮರೆಯುವುದು ಸ್ಟೆಪ್ನಿಯನ್ನು. ಗಾಡಿ ಕೊಂಡ ದಿನ ಅಡಿಯಲ್ಲಿ ತೂಗುಹಾಕಿದ ಸ್ಟೆಪ್ನಿ ಹತ್ತು ಮಳೆಗಾಲ ಕೆಸರು ಕುಡಿದಿರುತ್ತದೆ. ಹೊಸಕೋಟೆಯ ಬಳಿ ನಡುರಾತ್ರಿ ಇಳಿಸಿ ನೋಡಿದರೆ ಗಾಳಿಯೇ ಇರುವುದಿಲ್ಲ. ಕೃಷಿಯವರಿಗೆಂದೇ ಇನ್ನೊಂದು ಮಾತು: ಇ.ಸಿ. ಎಂದು ಬರೆದಿರುವ ಕೀಟನಾಶಕಗಳಲ್ಲಿ ರಬ್ಬರನ್ನು ಮೆತ್ತಗೆ ಮಾಡುವ ದ್ರಾವಕಗಳಿರುತ್ತವೆ. ಸೋರುವ ಡಬ್ಬಿ, ಡೀಸೆಲ್ ಕ್ಯಾನು, ಹಳೆ ಎಣ್ಣೆ ಟೈರಿನ ಬಳಿ ಇರಕೂಡದು.

ಶಿವಾಜಿನಗರದ ಗುಜರಿಯ ಬಗ್ಗೆ ಎರಡು ಮಾತು ಹೇಳದೆ ಈ ವಿಷಯ ಪೂರ್ತಿಯಾಗುವುದಿಲ್ಲ. ರಸೆಲ್ ಮಾರುಕಟ್ಟೆಯಲ್ಲಿ ಮಾಲು ಇಳಿಸಿ ಹಣ ಕೈಗೆ ಬಂದ ಕೂಡಲೇ ಪಕ್ಕದಲ್ಲೇ ಹಳೆ ಬಿಡಿಭಾಗಗಳ ಬೀದಿಗಳು. ಗೇರ್ ಬಾಕ್ಸ್, ಬಾಗಿಲು, ದೀಪ, ರಿಮ್ ಎಲ್ಲವೂ ಅರ್ಧ ಬೆಲೆಗೆ ಸಿಗುತ್ತವೆ. ಬಡ ಗಾಡಿಯವರಿಗೆ ಆ ಬೀದಿಗಳಿಂದ ಆಗಿರುವ ಉಪಕಾರ ಸಣ್ಣದಲ್ಲ. ಕಬ್ಬಿಣದ ಭಾಗ ಹಳೆಯದಾದರೆ ಕಣ್ಣಿಗೆ ಕಾಣುತ್ತದೆ, ಬಿಚ್ಚಿ ನೋಡಬಹುದು. ಹಳೆ ಟೈರಿನ ಒಳಗಿನ ನೂಲು ಎಷ್ಟು ಕಾವು ಕಂಡಿದೆ, ಗಾಳಿಯಿಲ್ಲದೆ ಎಷ್ಟು ದೂರ ಓಡಿದೆ ಎಂಬುದು ಮಾರುವವನಿಗೂ ಕಾಣದು. ಅವನು ಪ್ರಾಮಾಣಿಕನಾಗಿದ್ದರೂ ಕಾಣದು. ಎಲ್ಲರೂ ಪ್ರಾಮಾಣಿಕರೂ ಅಲ್ಲ. ಸವೆದ ಟೈರಿಗೆ ಕಾಯಿಸಿದ ಕತ್ತಿಯಿಂದ ಗೆರೆ ಕೆತ್ತಿ, ಮೇಲೆ ಕಪ್ಪು ಬಣ್ಣ ಬಳಿದು, 'ಮುಕ್ಕಾಲು ಬಟನ್' ಎಂದು ಮಾರುವುದುಂಟು. ಇದನ್ನು ಕಂಡುಹಿಡಿಯುವ ಬಗೆ ಹೀಗೆ: ಪ್ರತಿ ಟೈರಿನ ಗೆರೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಚಿಕ್ಕ ದಿಬ್ಬಗಳಿರುತ್ತವೆ, ನಮ್ಮ ಹೊಲದ ಸಾಲಿನಲ್ಲಿ ನೀರಿಗೆ ಅಡ್ಡ ಕಟ್ಟಿದಂತೆ. ಅವು ಸವೆತದ ಗುರುತು. ಪಕ್ಕದಲ್ಲಿ ಟಿ.ಡಬ್ಲ್ಯು.ಐ. ಎಂದೋ ತ್ರಿಕೋನವೋ ಇದ್ದ ಜಾಗದ ನೇರಕ್ಕೆ ನೋಡಿದರೆ ಸಿಗುತ್ತವೆ. ಕೆತ್ತಿದ ಟೈರಿನಲ್ಲಿ ಈ ದಿಬ್ಬ ಕತ್ತರಿಸಿಹೋಗಿರುತ್ತದೆ, ಗೆರೆಯ ತಳ ನುಣುಪಾಗಿರದೆ ಕತ್ತಿಯ ಏರಿಳಿತ ಕಾಣುತ್ತದೆ.

ಬಟನ್ ಸವೆದು ಈ ದಿಬ್ಬದ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ನಾಲ್ಕು ಗಾಲಿಯ ವಾಹನಕ್ಕೆ 1.6 ಮಿ.ಮೀ. ಆಳ ಇರಲೇಬೇಕೆಂದು ಹೇಳುತ್ತವೆ. ಮಳೆಗಾಲದಲ್ಲಿ ಅಷ್ಟರವರೆಗೆ ಕಾಯುವುದು ಜಾಣತನವಲ್ಲ. ಮೂರು ಮಿ.ಮೀ. ಇರುವಾಗಲೇ ಬದಲಿಸಿದರೆ ಒದ್ದೆ ರಸ್ತೆಯಲ್ಲಿ ಬ್ರೇಕು ನಂಬಬಹುದು.

ಹೊಸ ಟೈರು ತರುವ ಮೊದಲು ಬಿಚ್ಚಿದ ಹಳೆ ಟೈರನ್ನು ಒಂದು ಗಳಿಗೆ ನೋಡಿರಿ. ಎಲೆಯ ಬಣ್ಣ ನೋಡಿ ಸಾರಜನಕ ಕಡಿಮೆಯೋ ಪೊಟ್ಯಾಷ್ ಕಡಿಮೆಯೋ ಹೇಳುವಂತೆ, ಸವೆತ ನೋಡಿ ಗಾಡಿಯ ರೋಗ ಹೇಳಬಹುದು. ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ, ಇಲ್ಲವೇ ಹೊರೆ ಹೆಚ್ಚು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಅತಿಯಾಗಿದೆ. ಒಂದೇ ಅಂಚು ಸವೆದಿದ್ದರೆ ಗಾಲಿ ಸೊಟ್ಟಗೆ ನಿಂತಿದೆ, ಅಲೈನ್‌ಮೆಂಟ್ ಮಾಡಿಸಬೇಕು. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬೇರಿಂಗ್ ಹೋಗಿರಬಹುದು. ರೋಗ ಹಾಗೇ ಬಿಟ್ಟು ಟೈರು ಮಾತ್ರ ಬದಲಿಸಿದರೆ, ಕ್ಷಾರ ಮಣ್ಣಿಗೆ ಜಿಪ್ಸಂ ಹಾಕದೆ ಮತ್ತೆ ಮತ್ತೆ ಬೀಜ ಬಿತ್ತಿದಂತೆ.

ನೈಲಾನ್ ಟೈರೋ ರೇಡಿಯಲ್ಲೋ ಎಂಬ ವಾದ ಪಂಚರ್ ಅಂಗಡಿಗಳಲ್ಲಿ ಇಂದಿಗೂ ನಡೆಯುತ್ತದೆ. ನೈಲಾನ್ ಟೈರಿನ ಪಕ್ಕ ದಪ್ಪ. ಕಲ್ಲು, ಕೂಳೆ, ಬದುವಿನ ಏಟು ತಡೆಯುತ್ತದೆ. ಆದರೆ ಹೆದ್ದಾರಿಯಲ್ಲಿ ಬೇಗ ಕಾಯುತ್ತದೆ. ರೇಡಿಯಲ್ ಟೈರಿನ ಪಕ್ಕ ಮೆದು, ಏಟಿಗೆ ಸೂಕ್ಷ್ಮ. ಆದರೆ ತಣ್ಣಗೆ ಓಡುತ್ತದೆ, ಹೆಚ್ಚು ಬಾಳುತ್ತದೆ, ಡೀಸೆಲ್ಲೂ ಸ್ವಲ್ಪ ಉಳಿಯುತ್ತದೆ. ಹೊಲ, ಇಟ್ಟಿಗೆ ಗೂಡು, ಕಲ್ಲು ಗಣಿಗಳ ನಡುವೆಯೇ ದುಡಿಯುವ ಗಾಡಿಗೆ ನೈಲಾನ್ ಸರಿ. ವಾರಕ್ಕೆ ನಾಲ್ಕು ಬಾರಿ ಕೃಷ್ಣರಾಜಪುರ ಮುಟ್ಟುವ ಗಾಡಿಗೆ ರೇಡಿಯಲ್ ಬಿಟ್ಟು ಬೇರೆ ಯೋಚಿಸಬಾರದೆಂಬುದು ನಮ್ಮ ಅಭಿಪ್ರಾಯ. ಒಂದೇ ಆಕ್ಸಲ್‌ಗೆ ಒಂದು ಬದಿ ನೈಲಾನ್, ಇನ್ನೊಂದು ಬದಿ ರೇಡಿಯಲ್ ಹಾಕುವುದು ಎತ್ತಿನ ಜೊತೆಗೆ ಕೋಣ ಕಟ್ಟಿದಂತೆ, ಗಾಡಿ ಎಳೆದಾಡುತ್ತದೆ. ಟ್ಯೂಬ್‌ಲೆಸ್ ಟೈರಿಗೆ ಪಂಚರ್ ಉಳಿತಾಯವೆಂದು ಟ್ಯೂಬು ಹಾಕಿಸುವವರಿದ್ದಾರೆ. ಎರಡೂ ಉಜ್ಜಾಡಿ ಕಾವು ಹೆಚ್ಚುತ್ತದೆ. ರಿಮ್ ಸೊಟ್ಟಾಗಿ ಗಾಳಿ ಸೋರುತ್ತಿದ್ದರೆ ರಿಮ್ಮನ್ನೇ ಸರಿಮಾಡಿಸಬೇಕು.

ಬಟನ್ನಿನ ವಿನ್ಯಾಸ ಆಯಲು ಟ್ರ್ಯಾಕ್ಟರ್ ನೋಡಿದರೆ ಸಾಕು. ಮುಂದಿನ ಗಾಲಿಗೆ ಉದ್ದುದ್ದ ಗೆರೆ ಏಕೆ? ತಿರುಗಿಸಿದತ್ತ ತಿರುಗಲು. ಹಿಂದಿನದಕ್ಕೆ ಅಡ್ಡ ಪಟ್ಟಿ ಏಕೆ? ಕೆಸರಿನಲ್ಲಿ ಕಚ್ಚಿ ಎಳೆಯಲು. ಪಿಕಪ್ಪಿನಲ್ಲೂ ಹೊಲದೊಳಗೆ ಇಳಿಯುವ ಗಾಡಿಗೆ ಹಿಂದೆ ಅಡ್ಡ ಬಟನ್ ಉಪಯುಕ್ತ, ಬರೀ ಡಾಂಬರಿನ ಗಾಡಿಗೆ ನಾಲ್ಕಕ್ಕೂ ಉದ್ದ ಗೆರೆ ಸಾಕು. ಕೈಯಲ್ಲಿ ಎರಡೇ ಟೈರಿಗೆ ಹಣವಿದ್ದರೆ ಎರಡನ್ನೂ ಒಂದೇ ಆಕ್ಸಲ್‌ಗೆ ಹಾಕಿಸಬೇಕು. ಹೊಸದನ್ನು ಮುಂದೆ ಹಾಕುವುದು ನಮ್ಮಲ್ಲಿ ರೂಢಿ. ಆದರೆ ಇಂಥ ಹಗುರ ಗಾಡಿಗಳಲ್ಲಿ ಹಿಂದಕ್ಕೆ ಹಾಕುವುದು ಮೇಲು. ಹೊರೆ ಇರುವುದು ಅಲ್ಲಿ. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಗಾಡಿ ಹತೋಟಿಗೆ ಬಾರದು. ಹಾಗೆಂದು ಮುಂದೆ ಬೋಳು ಟೈರು ಉಳಿಸಿಕೊಳ್ಳಲು ಇದು ಪರವಾನಗಿಯಲ್ಲ.

"ಯಾವ ಕಂಪನಿಯದು ಒಳ್ಳೆಯದು ಸಾರ್?" ಎಂಬುದೇ ಎಲ್ಲರ ಮೊದಲ ಪ್ರಶ್ನೆ. ನಮ್ಮ ಮಟ್ಟಿಗೆ ಅದು ಮೂರನೆಯದು. ಹಿರಿಯ ಚಾಲಕರು ಈಗಲೂ ಮೈಸೂರಿನ ವಿಕ್ರಾಂತ್ ಟೈರನ್ನು ನೆನೆಯುತ್ತಾರೆ. ಆ ಕಾರ್ಖಾನೆ 1997ರಲ್ಲಿ ಜೆ.ಕೆ. ಸಂಸ್ಥೆಯ ಕೈಸೇರಿತು. ಎಂ.ಆರ್.ಎಫ್., ಅಪೋಲೊ, ಸಿಯಾಟ್, ಜೆ.ಕೆ. ಎಲ್ಲರೂ ಪಿಕಪ್ ಟೈರು ಮಾಡುತ್ತಾರೆ. ಸರಿಯಾದ ಭಾರದ ಅಂಕಿ, ಹೊಸ ತಾರೀಖು, ಐ.ಎಸ್.ಐ. ಮುದ್ರೆ ಈ ಮೂರೂ ಇದ್ದರೆ ಇವುಗಳ ನಡುವೆ ಹತ್ತಿರದ ಅಂಗಡಿಯಲ್ಲಿ ವಾರಂಟಿಗೆ ಸ್ಪಂದಿಸುವ ಕಂಪನಿಯನ್ನು ಆರಿಸಿದರೆ ಸಾಕು. ವಾಹನದ ಟೈರಿಗೆ ಈ ಮುದ್ರೆಯನ್ನು ಸರ್ಕಾರ 2009ರ ಆದೇಶದಿಂದ ಕಡ್ಡಾಯ ಮಾಡಿದೆ.

ಬೆಲೆಯ ವಿಚಾರದಲ್ಲಿ ಒಂದು ಸಮಾಧಾನವಿದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿಯಿತು, ಟ್ರ್ಯಾಕ್ಟರ್ ಟೈರಿನದು 18ರಿಂದ 5ಕ್ಕೆ. ಆದರೂ ಹಳೆ ಟೈರಿನ ಬೆಲೆ ಮುಂದೆ ಹೊಸದು ಭಾರವೇ. ಬೆಲೆಯನ್ನು ಓಟದಿಂದ ಭಾಗಿಸಿ ನೋಡಿರಿ. ಆರು ಸಾವಿರದ ಹೊಸ ಟೈರು ನಲವತ್ತು ಸಾವಿರ ಕಿ.ಮೀ. ಬಂದಿತೆಂದರೆ ಕಿ.ಮೀ.ಗೆ 15 ಪೈಸೆ. ಎರಡೂವರೆ ಸಾವಿರದ ಹಳೆಯದು ಹತ್ತು ಸಾವಿರ ಬಂದರೆ 25 ಪೈಸೆ, ನಡುವೆ ಬಿಚ್ಚಿ ಹಾಕುವ ಕೂಲಿ ಬೇರೆ. ಕೈಯಲ್ಲಿ ಒಟ್ಟು ಹಣ ಇಲ್ಲದ್ದೇ ನಿಜವಾದ ತೊಡಕು. ಹತ್ತು ಪಿಕಪ್ ಇರುವ ಊರಿನವರು, ರೈತ ಉತ್ಪಾದಕರ ಸಂಘದವರು ಸೇರಿ ಒಂದೇ ಅಳತೆಯ ಇಪ್ಪತ್ತು ಟೈರಿಗೆ ದರ ಕೇಳಿದರೆ ಅಂಗಡಿಯವನು ಕುರ್ಚಿ ಹಾಕಿ ಮಾತಾಡುತ್ತಾನೆ. ಗೊಬ್ಬರ ಹೀಗೆ ತರಿಸುತ್ತೇವಲ್ಲ! ಬಿಲ್ಲಿನಲ್ಲಿ ಪ್ರತಿ ಟೈರಿನ ಕ್ರಮಸಂಖ್ಯೆ ಬರೆಸಬೇಕು. ಬಿಲ್ಲಿಲ್ಲದೆ ವಾರಂಟಿ ಕೇಳುವಂತಿಲ್ಲ.

ಗಾಳಿಯನ್ನು ಊರು ಬಿಡುವಾಗ, ಟೈರು ತಣ್ಣಗಿರುವಾಗ ನೋಡಬೇಕು. ಎಷ್ಟು ಪೌಂಡ್ ಎಂಬುದು ಚಾಲಕನ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲೋ ಗಾಡಿಯ ಪುಸ್ತಕದಲ್ಲೋ ಇರುತ್ತದೆ, ಖಾಲಿಗೆ ಬೇರೆ, ತುಂಬಿದ್ದಕ್ಕೆ ಬೇರೆ. ಅರವತ್ತು ಕಿ.ಮೀ. ಓಡಿ ಬಂದು ಕೃಷ್ಣರಾಜಪುರದಲ್ಲಿ ಹಿಡಿಸಿದರೆ ಕಾವಿಗೆ ಹೆಚ್ಚು ತೋರಿಸುತ್ತದೆ. ಹೆಚ್ಚಾಯಿತೆಂದು ಅಲ್ಲಿ ಗಾಳಿ ಬಿಡಿಸಿದವರು ಹಿಂದಿರುಗುವಾಗ ಕಡಿಮೆ ಗಾಳಿಯಲ್ಲಿ ಓಡಿಸುತ್ತಾರೆ. ಪಂಚರ್ ಅಂಗಡಿಯ ಮೀಟರುಗಳಲ್ಲಿ ಒಂದಕ್ಕೊಂದು ತಾಳೆಯಾಗದಿರುವುದು ಎಲ್ಲರಿಗೂ ಅನುಭವದ ಮಾತು. ರೈತರಿಂದ ಶುಲ್ಕ ಪಡೆಯುವ ಮಾರುಕಟ್ಟೆ ಸಮಿತಿಗಳು ತಮ್ಮ ಪ್ರಾಂಗಣದ ಬಾಗಿಲಲ್ಲಿ ಪರೀಕ್ಷಿಸಿದ ಗಾಳಿ ಮಾಪಕ ಒಂದನ್ನೂ, ಆಕ್ಸಲ್ ತೂಗಲು ಬಿಡುವ ವೇಬ್ರಿಜ್ ಒಂದನ್ನೂ ಇಡಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಮುಂದಿನ ಸಭೆಯಲ್ಲಿ ಸದಸ್ಯರು ಇದನ್ನು ಎತ್ತಲಿ.

ಹೊಸ ಟೈರು ಹಾಕಿಸಿದವರು ಐವತ್ತರಿಂದ ನೂರು ಕಿ.ಮೀ. ಓಡಿದ ಮೇಲೆ ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಬಿಗಿಗೊಳಿಸಬೇಕು. ಒಂದರ ಪಕ್ಕದ್ದನ್ನಲ್ಲ, ಎದುರು ಬದುರಾಗಿ.